ಮೂರು ಮಳೆಗಾಲ ಕಂಡ ಪಾಪ್-ಅಪ್ ಕ್ಯಾಂಪರ್: ಎಲ್ಲ ಸರಿ, ಕ್ಯಾನ್ವಾಸಿನ ಕೆಳಅಂಚೊಂದನ್ನು ಬಿಟ್ಟು

ಪಾಪ್-ಅಪ್ ಕ್ಯಾಂಪರ್ ಅಂದರೆ ಕಾರಿನ ಹಿಂದೆ ಎಳೆದೊಯ್ದು, ನಿಲ್ಲಿಸಿದ ಮೇಲೆ ಚಾವಣಿ ಏರಿಸಿ ಕ್ಯಾನ್ವಾಸ್ ಗೋಡೆ ಬಿಡಿಸಿ ಒಳಗೆ ಮಲಗುವ ಡಬ್ಬಿಯಂಥ ಟ್ರೇಲರು. ನಮ್ಮದರ ಚಾವಣಿ ಸೋರಲಿಲ್ಲ, ಜಿಪ್ ಸೋರಲಿಲ್ಲ, ಹೊಲಿಗೆಯೂ ಸೋರಲಿಲ್ಲ. ಆದರೂ ಯಲ್ಲಾಪುರದ ಕಡೆ ಒಂದು ರಾತ್ರಿಯ ಮಳೆಗೆ ಹಾಸಿಗೆಯ ಅಂಚು ಹಿಂಡಿದರೆ ನೀರು ಬರುವಷ್ಟು ತೊಯ್ದಿತ್ತು. ಕಾರಣ ಒಂದೇ: ಕ್ಯಾನ್ವಾಸಿನ ಕೆಳಅಂಚನ್ನು ಡಬ್ಬಿಯ ಒಳಮೈಗೆ ಇಳಿಸಿ ಪಟ್ಟಿ ಹೊಡೆದದ್ದು. ನೋಡಲು ಅದು ಚೆಂದ. ಸ್ಕ್ರೂ ಕಾಣುವುದಿಲ್ಲ, ಮುಚ್ಚುವಾಗ ಬಟ್ಟೆ ತಾನಾಗಿಯೇ ಒಳಗೆ ಬೀಳುತ್ತದೆ. ಆದರೆ ಬಟ್ಟೆಯ ಮೇಲೆ ಜಾರಿ ಬಂದ ನೀರಿಗೆ ಒಳಗೆ ಹೋಗುವುದನ್ನು ಬಿಟ್ಟು ಬೇರೆ ದಾರಿಯೇ ಇರುವುದಿಲ್ಲ. ನಮ್ಮ ಕಡೆ ಬಣವಿ ಒಟ್ಟುವವರು ಮೇಲಿನ ಸಿವುಡು ಕೆಳಗಿನದನ್ನು ಮುಚ್ಚಿ ಹೊರಚಾಚುವ ಹಾಗೆ ಇಡುತ್ತಾರೆ. ಪತ್ರಾಸಿನ ಮನೆಗೂ ಅದೇ ಲೆಕ್ಕ. ಈ ಟ್ರೇಲರ್ ಕಟ್ಟುವಾಗ ಆ ಲೆಕ್ಕ ತಪ್ಪಿತು.

ಅದನ್ನು ಸರಿಪಡಿಸಿದ ಬಗೆಯನ್ನು ಮೊದಲೇ ಬರೆಯುತ್ತೇನೆ, ಯಾಕೆಂದರೆ ಇದಿಷ್ಟನ್ನು ನಕ್ಷೆ ಬರೆಯುವಾಗಲೇ ಮಾಡಿದರೆ ಒಂದು ಪೈಸೆಯೂ ಹೆಚ್ಚು ಬೀಳುವುದಿಲ್ಲ. ಕೆಳಅಂಚಿಗೆ ಸುತ್ತಲೂ 15 ಸೆಂ.ಮೀ. ಅಗಲದ ಕ್ಯಾನ್ವಾಸ್ ಪಟ್ಟಿ ಕೂಡಿಸಿ ಹೊಲಿಸಬೇಕು. ಅದು ಡಬ್ಬಿಯ ಬಾಯಿಯನ್ನು ದಾಟಿ ಹೊರಗೆ 7ರಿಂದ 8 ಸೆಂ.ಮೀ. ಜೋತು ಬೀಳಬೇಕು. ಅಂಚಿನ ಮಡಿಕೆ ಒಳಬದಿಗೆ ಇರಲಿ. ಹೊರಬದಿಗೆ ಮಡಚಿದರೆ ಅದೇ ಒಂದು ಕಿಸೆಯಾಗಿ ನೀರು ಹಿಡಿಯುತ್ತದೆ. ಅಂಚಿನೊಳಗೆ 6 ಮಿ.ಮೀ. ಇಲಾಸ್ಟಿಕ್ ಹುರಿ ಓಡಿಸಿ, ಡಬ್ಬಿಯ ಹೊರಮೈಯಲ್ಲಿ ಅಡಿಗೊಂದು ಕೊಕ್ಕೆ ಕೂಡಿಸಿ ಸಿಕ್ಕಿಸುವುದು. ಮುಚ್ಚುವಾಗ ಕೊಕ್ಕೆ ಬಿಡಿಸುವ ಕೆಲಸ ಹೆಚ್ಚಾಗುತ್ತದೆ, ಎರಡು ನಿಮಿಷ.

ಹೊರಚಾಚುವ ಹಾಸಿಗೆ ಹಲಗೆಯ ಕೆಳಗೆ ಇನ್ನೊಂದು ಕೆಲಸವಿದೆ. ಛಜ್ಜಾದ ಅಡಿಯಲ್ಲಿ ಗೌಂಡಿಗಳು ಅಂಚಿನ ಗುಂಟ ಒಂದು ಗೆರೆ ಬಿಡುತ್ತಾರಲ್ಲ, ನೀರು ಗೋಡೆಯ ತನಕ ತೆವಳದೆ ಅಲ್ಲೇ ತೊಟ್ಟಿಕ್ಕಲೆಂದು? ಅದೇ ಗೆರೆಯನ್ನು ಪ್ಲೈವುಡ್ಡಿನ ಅಡಿಗೆ, ಅಂಚಿನಿಂದ 10 ಮಿ.ಮೀ. ಒಳಗೆ, ಗರಗಸದಿಂದ 3 ಮಿ.ಮೀ. ಆಳ ಎಳೆಯಬೇಕು. ಆ ಗೆರೆಗೆ ಬಣ್ಣ ತುಂಬದ ಹಾಗೆ ತೆಳ್ಳಗೆ ಪ್ರೈಮರ್ ಹಚ್ಚಿ. ಮಳೆ ಬರುವಾಗ ಹಲಗೆಯ ಕೆಳಗೆ ಬಗ್ಗಿ ನೋಡಿ: ಹನಿಗಳು ಅಂಚಿನಿಂದ ಒಳಕ್ಕೆ ತೆವಳಿ ಬರುತ್ತವೆ, ಗೆರೆಯ ಬಾಯಿಗೆ ಬಂದು ನಿಲ್ಲುತ್ತವೆ, ದಪ್ಪಗಾಗುತ್ತವೆ, ಸಾಲಾಗಿ ಬೀಳುತ್ತವೆ. ಗೆರೆಯ ಆಚೆ ಹಲಗೆ ಒಣಗಿಯೇ ಇರುತ್ತದೆ. ಇಡೀ ಟ್ರೇಲರಿನಲ್ಲಿ ಇಷ್ಟು ಅಗ್ಗದ, ಇಷ್ಟು ಉಪಯೋಗದ ಕೆಲಸ ಇನ್ನೊಂದಿಲ್ಲ.

ಬಟ್ಟೆಯ ಬಗ್ಗೆ ಒಂದೆರಡು ಮಾತು. ಹತ್ತಿ ಕ್ಯಾನ್ವಾಸನ್ನು ಹೊಲಿಸಿ ತಂದ ಕೂಡಲೇ ಪ್ರವಾಸಕ್ಕೆ ಹೊರಡಬೇಡಿ. ಬಿಡಿಸಿ ನಿಲ್ಲಿಸಿ, ಪೈಪಿನಿಂದ ಪೂರ್ತಿ ತೋಯಿಸಿ, ಪೂರ್ತಿ ಒಣಗಿಸಿ; ಹೀಗೆ ಎರಡು ಸಲ. ನೀರು ಕುಡಿದ ನೂಲು ಉಬ್ಬಿ ಸೂಜಿಯ ತೂತುಗಳನ್ನು ಮುಚ್ಚುತ್ತದೆ. ಮೊದಲ ಸಲ ಹೊಲಿಗೆಯಲ್ಲಿ ನೀರು ಜಿನುಗಿದರೆ ಹೆದರಿ ಸಿಲಿಕೋನ್ ಬಳಿಯಬೇಡಿ, ಎರಡನೆಯ ಸಲಕ್ಕೆ ನಿಲ್ಲುತ್ತದೆ. ಸೋಪು, ಸರ್ಫು ಹಾಕಿ ತೊಳೆದರೆ ಬಟ್ಟೆಯ ನೀರು ತಡೆಯುವ ಗುಣವೇ ಹೋಗುತ್ತದೆ. ಬರೀ ನೀರು, ಮೆತ್ತನೆಯ ಬ್ರಷ್ಷು ಸಾಕು. ಮಳೆಯಲ್ಲಿ ರಗ್ಗು, ದಿಂಬು ಬಟ್ಟೆಗೋಡೆಗೆ ತಾಗಬಾರದು. ತಾಗಿದ ಕಡೆಯಿಂದ ದೀಪದ ಬತ್ತಿ ಎಣ್ಣೆ ಹೀರುವಂತೆ ನೀರು ಒಳಗೆ ಬರುತ್ತದೆ.

ಇನ್ನು ಉಳಿದ ಟ್ರೇಲರು. ಡಬ್ಬಿ 8 ಅಡಿ ಉದ್ದ, 5 ಅಡಿ ಅಗಲ. ಮುಚ್ಚಿದಾಗ ಕಾರಿನ ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುವಷ್ಟು ಗಿಡ್ಡ, ಏರಿಸಿದಾಗ ಒಳಗೆ ನಿಂತು ಅಂಗಿ ತೊಡುವಷ್ಟು ಎತ್ತರ. ಎರಡೂ ತುದಿಗೆ ಹಾಸಿಗೆ ಹೊರಚಾಚುತ್ತದೆ. ತಳದ ಚೌಕಟ್ಟು 80×40×3 ಮಿ.ಮೀ. ಎಂಎಸ್ (ಮೆದು ಉಕ್ಕಿನ) ಪೈಪು, ಮೀಟರಿಗೆ ಐದು ಕೆ.ಜಿ.ಗಿಂತ ಸ್ವಲ್ಪ ಮೇಲೆ ತೂಗುತ್ತದೆ. ಮೇಲಿನದಕ್ಕೆ 40×40×2 ಸಾಕು, ಅದರ ತೂಕ ಅರ್ಧಕ್ಕಿಂತ ಕಡಿಮೆ. ಇಲ್ಲಿ ಒಂದು ಎಚ್ಚರ. ಹುಬ್ಬಳ್ಳಿಯ ಗೋಕುಲ ರೋಡಿನಲ್ಲಾಗಲಿ ತಾರಿಹಾಳದಲ್ಲಾಗಲಿ ಫ್ಯಾಬ್ರಿಕೇಶನ್ ಮಾಡುವ ಕೈಗಳು ಟ್ರ್ಯಾಕ್ಟರ್ ಟ್ರೇಲರಿಗೆ ಒಗ್ಗಿದ ಕೈಗಳು. ಬೆಸುಗೆ ಚಲೋ ಹಾಕುತ್ತಾರೆ. ಆದರೆ "ಇನ್ನೊಂದ್ ಸೈಜ್ ದಪ್ಪ ಹಾಕೂಣ್ರೀ ಸರ, ಗಟ್ಟಿ ಆಗ್ತೈತಿ" ಎಂಬ ಮಾತು ಬಂದೇ ಬರುತ್ತದೆ. ಒಪ್ಪಿಕೊಂಡರೆ ಕಬ್ಬು ಹೇರುವ ಗಟ್ಟಿತನ ಬರುತ್ತದೆ, ಕಾರು ಎಳೆಯಲಾರದ ತೂಕವೂ ಬರುತ್ತದೆ. ಗಟ್ಟಿತನ ಬೇಕಾದದ್ದು ಎರಡೇ ಕಡೆ: ಕಾರಿಗೆ ಕೊಂಡಿ ಹಾಕುವ ಮುಂದಿನ ಮೂತಿ ಚೌಕಟ್ಟಿಗೆ ಕೂಡುವಲ್ಲಿ, ಸ್ಪ್ರಿಂಗ್ ಪಾಟಾ ತೂಗುವಲ್ಲಿ. ಅಲ್ಲಿ 5 ಮಿ.ಮೀ. ತಗಡಿನ ತ್ರಿಕೋನ ಒತ್ತು ಕೊಟ್ಟು, ಉಳಿದ ಕಡೆ ಕೈ ಹಿಡಿಯಬೇಕು. ಪೈಪಿನ ತುದಿಗಳನ್ನು ಮುಚ್ಚಿದ ಮೇಲೆ ಒಳಗಿನ ನೀರು ಇಳಿದುಹೋಗಲು ಕೆಳಮೈಗೆ 6 ಮಿ.ಮೀ. ತೂತು ಬಿಡುವುದು ಮರೆಯಬೇಡಿ. ಜಂಗು ಹೊರಗಿನಿಂದ ಹಿಡಿದರೆ ಕಾಣುತ್ತದೆ, ಒಳಗಿನಿಂದ ತಿಂದರೆ ಪೈಪು ಮುರಿದ ದಿನವೇ ಗೊತ್ತಾಗುವುದು.

ಪಾಟಾ, ಹಬ್ಬು, 12 ಇಂಚಿನ ಚಕ್ರ ಎಲ್ಲವೂ ಓಮ್ನಿಯವು. ಯಾವ ತಾಲ್ಲೂಕಿಗೆ ಹೋದರೂ ಬೇರಿಂಗ್ ಸಿಗಲಿ ಎಂಬ ಒಂದೇ ಕಾರಣಕ್ಕೆ. ಈ ಆಯ್ಕೆಯ ಬಗ್ಗೆ ಮೂರು ವರ್ಷದಲ್ಲಿ ಒಂದು ದಿನವೂ ಮರುಗುವ ಪ್ರಸಂಗ ಬಂದಿಲ್ಲ.

ಎಳೆಯುವ ತೂಕದ ವಿಷಯದಲ್ಲಿ ಮಾತ್ರ ಅಂದಾಜು ನಡೆಯದು. ಕೊಂಡಿಯ ಮೇಲೆ ಬೀಳುವ ಭಾರ ಒಟ್ಟು ತೂಕದ ನೂರಕ್ಕೆ 10ರಿಂದ 15 ಇರಬೇಕು. ಅದಕ್ಕಿಂತ ಕಡಿಮೆಯಾದರೆ ಟ್ರೇಲರು ಬಾಲ ಬೀಸಲು ಶುರುಮಾಡುತ್ತದೆ. ನೀರಿನ ಟ್ಯಾಂಕಿಯ ಜಾಗ ಇದನ್ನು ಹೇಗೆ ಕೆಡಿಸುತ್ತದೆ ನೋಡಿ. ಟ್ಯಾಂಕಿ ಖಾಲಿಯಿದ್ದಾಗ ಒಟ್ಟು 480 ಕೆ.ಜಿ., ಕೊಂಡಿಯ ಮೇಲೆ 55. ಚೆನ್ನಾಗಿದೆ. ಅಚ್ಚಿನಿಂದ ಕೊಂಡಿಗೆ 2.6 ಮೀಟರ್. ಅಚ್ಚಿನ ಹಿಂದೆ ಒಂದು ಮೀಟರ್ ದೂರದಲ್ಲಿರುವ ಟ್ಯಾಂಕಿಗೆ 40 ಲೀಟರ್ ನೀರು ತುಂಬಿದರೆ ಕೊಂಡಿಯ ಭಾರ 15 ಕೆ.ಜಿ. ಇಳಿಯುತ್ತದೆ. ಈಗ ಒಟ್ಟು 520, ಕೊಂಡಿಯ ಮೇಲೆ 40. ನೂರಕ್ಕೆ ಎಂಟೂ ಇಲ್ಲ. ಎರಡು ಬಿಂದಿಗೆ ನೀರು ಗಾಡಿಯ ನಡಿಗೆಯನ್ನೇ ಬದಲಿಸುತ್ತದೆ. ಆದ್ದರಿಂದ ಟ್ಯಾಂಕಿ ಅಚ್ಚಿನ ಮೇಲೆ ಇಲ್ಲವೇ ಅದಕ್ಕಿಂತ ಗೇಣು ಮುಂದೆ. ಒಟ್ಟು ತೂಕಕ್ಕೆ ಅಮರಗೋಳದ ಎಪಿಎಂಸಿ ಕಡೆ ಹೋದರೆ ಕಾಟಾ ಸಿಗುತ್ತದೆ. ಕೊಂಡಿಯ ಭಾರಕ್ಕೆ ಮನೆಯಲ್ಲಿ ಮೈತೂಕ ನೋಡುವ ಯಂತ್ರವನ್ನೇ ಕೊಂಡಿಯ ಕೆಳಗೆ ಮರದ ತುಂಡಿಟ್ಟು ಬಳಸಿದರಾಯಿತು. ಸಾಮಾನೆಲ್ಲ ತುಂಬಿದ ಮೇಲೆ, ನೆಲ ಮಟ್ಟವಾಗಿರುವಲ್ಲಿ ತೂಗಬೇಕು. ಹೋಗುವಾಗ ಬಾಲ ಬೀಸಿದರೆ ಬ್ರೇಕ್ ಒತ್ತದೆ ಆಕ್ಸಿಲರೇಟರ್ ಬಿಟ್ಟು ವೇಗ ತಾನಾಗಿ ಇಳಿಯಲು ಬಿಡಿ.

ಬ್ಯಾಟರಿ, ದೀಪ, ಫ್ಯಾನಿನ ವಿವರ ಎಲ್ಲ ಕಡೆ ಸಿಗುತ್ತದೆ. ಹಿಂದಿನ ದೀಪಗಳಿಗೆ ಅರ್ಥಿಂಗ್ ತಂತಿಯನ್ನು ಬೇರೆಯೇ ಎಳೆಯಿರಿ ಎಂಬುದೊಂದೇ ಮಾತು. ಕೊಂಡಿಯ ಗುಂಡಿನ ಮೂಲಕ ಅರ್ಥ್ ಸಿಗುತ್ತದೆಂದು ನಂಬಿದರೆ ಪ್ರತಿ ತಗ್ಗಿಗೂ ಬ್ರೇಕ್ ಲೈಟ್ ಮಿಣುಕುತ್ತದೆ.

ಚಾವಣಿ ಏರಿಸುವುದು ಕೈ ವಿಂಚು (ಹಿಡಿ ತಿರುವಿ ಹಗ್ಗ ಸುತ್ತುವ ರಾಟೆ), 4 ಮಿ.ಮೀ. ತಂತಿಹಗ್ಗ, ಒಂದರೊಳಗೊಂದು ಜಾರುವ ನಾಲ್ಕು ಸ್ಟೀಲ್ ಕಂಬಗಳಿಂದ. ಚಾವಣಿಯ ತೂಕ 62 ಕೆ.ಜಿ. ಕಾರಿನ ಡಿಕ್ಕಿ ಬಾಗಿಲನ್ನು ಎತ್ತಿ ಹಿಡಿಯುವಂಥ ಗ್ಯಾಸ್ ಸ್ಟ್ರಟ್ ಹಾಕಿದ್ದರೆ ಏರಿಸುವುದು ಹಗುರಾಗುತ್ತಿತ್ತು ನಿಜ. ಆದರೆ ಅವು ವರ್ಷ ಕಳೆದಂತೆ ಒತ್ತಡ ಕಳೆದುಕೊಳ್ಳುತ್ತವೆ, ನಾಲ್ಕೂ ಒಂದೇ ಸಮ ಕಳೆದುಕೊಳ್ಳುವುದೂ ಇಲ್ಲ. ವಿಂಚಿನ ತೊಂದರೆ ಬೇರೆ. ಹೊಸ ಹಗ್ಗ ಮೊದಲ ತಿಂಗಳು ಹಿಗ್ಗುತ್ತದೆ, ಒಂದು ಮೂಲೆ ಹಿಂದೆ ಬೀಳುತ್ತದೆ, ಚಾವಣಿ ಓರೆಯಾಗಿ ಕಂಬ ಕಚ್ಚುತ್ತದೆ. ಪ್ರತಿ ಹಗ್ಗಕ್ಕೂ ತಿರುವಿ ಬಿಗಿಮಾಡುವ ಟರ್ನ್‌ಬಕಲ್ ಹಾಕಿದ್ದರೆ ಪಾನಾದಿಂದ ಎರಡು ಸುತ್ತು ತಿರುವಿ ಸರಿಮಾಡಬಹುದು. ಕಂಬಗಳಿಗೆ ಗ್ರೀಸ್ ಮಾತ್ರ ಬೇಡ. ನವಲಗುಂದ, ನರಗುಂದದ ಕಡೆ ಬೇಸಿಗೆಯಲ್ಲಿ ಒಮ್ಮೆ ಹೋಗಿ ಬಂದರೆ ಎರೆಮಣ್ಣಿನ ಧೂಳು ಗ್ರೀಸಿಗೆ ಮೆತ್ತಿ ಉಜ್ಜುಕಾಗದದಂತೆ ಕಂಬವನ್ನು ಗೀರುತ್ತದೆ. ಒಣಬಟ್ಟೆಯಿಂದ ಒರೆಸಿ ಮೇಣ ಸವರಿದರೆ ಆಯಿತು. ಏರಿಸಿದ ಮೇಲೆ ನಾಲ್ಕೂ ಕಂಬಕ್ಕೆ 10 ಮಿ.ಮೀ. ಪಿನ್ನು ಹಾಕದೆ ಯಾರೂ ಒಳಗೆ ಹೋಗಕೂಡದು. ವಿಂಚು ಎತ್ತುವುದಕ್ಕೆ, ಹೊರುವುದು ಪಿನ್ನಿನ ಕೆಲಸ.

ಟ್ರೇಲರು ನಿಲ್ಲಿಸಿದಾಗ ಅಲುಗದಂತೆ ನೆಲಕ್ಕೆ ಊರುವ ಜಾಕಿಗೂ ಅದೇ ಎರೆಭೂಮಿ ಪರೀಕ್ಷೆ. 10 ಸೆಂ.ಮೀ. ಚೌಕದ ಪಾದವಿರುವ ಜಾಕಿ ರಾತ್ರಿ ಕಳೆಯುವುದರೊಳಗೆ ಇಳಿದು ಟ್ರೇಲರು ವಾಲುತ್ತದೆ. ಅಡಿಗೆ 30 ಸೆಂ.ಮೀ. ಚೌಕದ ದಪ್ಪ ಹಲಗೆ ಇಟ್ಟರೆ ಅದೇ ಭಾರ ಒಂಬತ್ತು ಪಟ್ಟು ಜಾಗಕ್ಕೆ ಹಂಚುತ್ತದೆ. ಮಳೆ ಬಿದ್ದ ಎರೆಹೊಲಕ್ಕೆ ಮಾತ್ರ ಹಲಗೆಯಿದ್ದರೂ ಇಳಿಯಬೇಡಿ. ಗದಗಿನ ಕಡೆ ಗಾಳಿ ಜೋರು. ಮುಂಗಾರಿನಲ್ಲಿ ಕಿರಿದಾದ ಮುಂಭಾಗವನ್ನು ಪಡುವಣಕ್ಕೆ ಮಾಡಿ ನಿಲ್ಲಿಸಿ, ನಾಲ್ಕೂ ಮೂಲೆಗೆ ಹಗ್ಗ ಬಿಗಿದರೆ ಬಟ್ಟೆ ಬಡಿದುಕೊಳ್ಳುವುದಿಲ್ಲ. ಹಾಸಿಗೆ ಹಲಗೆಯ ಬಲವನ್ನು ಮಲಗುವ ಮೊದಲು ಪರೀಕ್ಷಿಸಿ. ನೀರಿಗೆ ತಾಳುವ ಐಎಸ್ 710 ದರ್ಜೆಯ 12 ಮಿ.ಮೀ. ಪ್ಲೈವುಡ್, ಕೆಳಗೆ 50×25 ಪೈಪು ಎರಡು, ಓರೆ ಊರುಗೋಲು ಎರಡು. ಇದರ ಮೇಲೆ ಆರು ಸಿಮೆಂಟ್ ಚೀಲ, ಅಂದರೆ 300 ಕೆ.ಜಿ., ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ಎಲ್ಲ ತಿಳಿಯುತ್ತದೆ. ಜಾಕಿ ಇಳಿಸದೆ ಹಿಂದಿನ ಹಾಸಿಗೆ ಏರಿದರೆ ಇಡೀ ಟ್ರೇಲರು ಮೂತಿ ಎತ್ತುತ್ತದೆ, ಜೋಕೆ.

ಇಷ್ಟೆಲ್ಲ ದೂರಿದ ಮೇಲೂ ಇದನ್ನು ಮಾರುವ ಮನಸ್ಸು ಬರುವುದಿಲ್ಲ. ಅದಕ್ಕೆ ಕಾರಣ ಹಿಂಬದಿಯ ಅಡುಗೆ ಬಾಗಿಲು, ಬೆಳಗಿನ ಹೊತ್ತು. ಬಾಗಿಲು ಕೆಳಕ್ಕೆ ಬಿಚ್ಚಿ ಸರಪಳಿಗೆ ನಿಂತರೆ ಸೊಂಟದೆತ್ತರದ ಕಟ್ಟೆ. 5 ಕೆ.ಜಿ. ಸಿಲಿಂಡರ್ ಯಾವಾಗಲೂ ಹೊರಗೆ, ನೆಲದ ಮೇಲೆ. ಎಡಗಡೆ ಚಹಾಪುಡಿ, ಸಕ್ಕರೆ, ಯಾಲಕ್ಕಿ. ಬಲಗಡೆ ಚುರುಮುರಿ ಡಬ್ಬಿ, ಪುಟಾಣಿ ಪುಡಿ, ಈರುಳ್ಳಿ ಕೊಯ್ಯುವ ಹಲಗೆ. ಕತ್ತಲಲ್ಲೂ ಕೈ ತಾನಾಗಿ ಹೋಗುವ ಹಾಗೆ ಪ್ರತಿಯೊಂದಕ್ಕೂ ಒಂದು ಕುಣಿ ಕೊರೆದಿದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಾಗ, ದೂರದಲ್ಲಿ, ಜಾಗದವರ ಒಪ್ಪಿಗೆ ಪಡೆದ ಹೊಲದ ಅಂಚಿನಲ್ಲಿ ನಿಲ್ಲಿಸಿ, ಚಹಾ ಕುದಿಯುವ ಹೊತ್ತಿಗೆ ಹಕ್ಕಿಗಳ ಹಿಂಡು ಕೆರೆಯಿಂದ ಹೊಲಗಳ ಕಡೆಗೆ ಎದ್ದು ಹೋಗುವುದನ್ನು ಕಟ್ಟೆಗೆ ಮೊಣಕೈ ಊರಿ ನೋಡಬಹುದು. ಗಿರಮಿಟ್ಟು ಕಲೆಸಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಮುಚ್ಚುವುದೂ ಈಗ ಖುಷಿಯ ಕೆಲಸವೇ ಆಗಿದೆ. ಕೊಕ್ಕೆಗಳನ್ನು ಬಿಡಿಸಿ, ಹಾಸಿಗೆಗಳನ್ನು ಒಳದೂಡಿ, ಪಿನ್ನು ತೆಗೆದು ಚಾವಣಿಯನ್ನು ಗೇಣುಗೇಣಾಗಿ ಇಳಿಸುತ್ತ ಒಬ್ಬರು ಸುತ್ತಲೂ ನಡೆಯಬೇಕು. ಬಟ್ಟೆಯನ್ನು ಸೀರೆಯ ನಿರಿಗೆಯಂತೆ ಅಂಗೈ ಅಗಲಕ್ಕೆ ಹಿಡಿದು ಒಳಗೆ ಸೇರಿಸುವುದು, ಮೊದಲು ಮೂಲೆ, ಆಮೇಲೆ ಉದ್ದನೆಯ ಬದಿ. ಬಟ್ಟೆಗೋಡೆಯ ನಡುಮಟ್ಟದಲ್ಲಿ ಸುತ್ತ ಒಂದು ಇಲಾಸ್ಟಿಕ್ ಹುರಿ ಹೊಲಿಸಿದ್ದರೆ ಅದೇ ಒಳಕ್ಕೆ ಸೆಳೆದು ಅರ್ಧ ಕೆಲಸ ಮುಗಿಸುತ್ತದೆ. ಚಾವಣಿಗೂ ಡಬ್ಬಿಗೂ ನಡುವೆ ಬೆರಳಗಲ ಬಟ್ಟೆ ಸಿಕ್ಕಿದರೂ ಧಾರವಾಡ ಮುಟ್ಟುವುದರೊಳಗೆ ಅಲ್ಲಿ ತೂತು.

ಖರ್ಚು ಒಟ್ಟು 1,46,000 ರೂಪಾಯಿ. ಅದರಲ್ಲಿ ಕ್ಯಾನ್ವಾಸು, ಹೊಲಿಗೆಗೆ 23,000, ಅಂಚಿನ ಮರುಕೆಲಸಕ್ಕೆ 3,800. ತಾಡಪತ್ರಿ ಹೊಲಿಯುವವರೇ ಹೊಲಿದದ್ದು, ಹೊಲಿಗೆ ಇಂದಿಗೂ ಬಿಟ್ಟಿಲ್ಲ. ವರ್ಷಕ್ಕೆ ಎಂಟು ಹತ್ತು ರಾತ್ರಿ ಹೊರಗೆ ಮಲಗುವವರಿಗೆ, ಇಬ್ಬರು ದೊಡ್ಡವರು, ಇಬ್ಬರು ಮಕ್ಕಳಿದ್ದರೆ, ಈ ಹಣ ಬೆಲೆಬಾಳುತ್ತದೆ. ವರ್ಷಕ್ಕೆರಡು ಸಲವಾದರೆ ಒಳ್ಳೆಯ ಡೇರೆಯೇ ಮೇಲು.

ಕಬ್ಬಿಣ ಕತ್ತರಿಸುವ ಮೊದಲು ನಕ್ಷೆ ಹಿಡಿದು ಆರ್‌ಟಿಒ ಕಚೇರಿಗೆ ಹೋಗಿ. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೇಲರೂ ಮೋಟಾರು ವಾಹನವೇ. ನೋಂದಣಿಯಿಲ್ಲದೆ ರಸ್ತೆಗೆ ತರುವಂತಿಲ್ಲ. ಎಳೆಯುವ ಕಾರಿನ ಕೈಪಿಡಿ, ವಿಮೆ ಎರಡರಲ್ಲೂ ಇದಕ್ಕೆ ಒಪ್ಪಿಗೆ ಇದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಿ.

ಒಂದು ತೊಂದರೆ ಇನ್ನೂ ಬಗೆಹರಿದಿಲ್ಲ. ಹಾಸಿಗೆಯ ಮೂಲೆಯಲ್ಲಿ ಮೂರು ಹೊಲಿಗೆ ಒಂದೇ ಬಿಂದುವಿಗೆ ಸೇರುತ್ತವೆ. ಅಲ್ಲಿ ಬಟ್ಟೆ ಆರು ಪದರ, ಒಣಗುವುದು ಎಲ್ಲಕ್ಕಿಂತ ತಡ. ಮಳೆಯಲ್ಲಿ ಮಡಚಿ ತಂದರೆ ಮರುದಿನವೇ ಮಾಳಿಗೆಯ ನೆರಳಲ್ಲಾದರೂ ಬಿಡಿಸಿಡಬೇಕು, ಇಲ್ಲದಿದ್ದರೆ ಮೂರನೆಯ ದಿನಕ್ಕೆ ಆ ಮೂಲೆಯಲ್ಲೇ ಮೊದಲ ಬೂಸಲು. ನೀರು ಬೆರೆಸಿದ ವಿನೆಗರ್ ಹಚ್ಚಿ ಒರೆಸಿದರೆ ಹೋಗುತ್ತದೆ; ಬ್ಲೀಚು ಹಾಕಿದರೆ ಕಲೆಯ ಜೊತೆ ನೂಲೂ ಸಾಯುತ್ತದೆ. ಈ ದೀಪಾವಳಿಯ ಹೊತ್ತಿಗೆ ಆ ಮೂರು ಹೊಲಿಗೆಗಳನ್ನು ಎರಡೆರಡು ಇಂಚು ಅತ್ತಿತ್ತ ಸರಿಸಿ ಹೊಸದಾಗಿ ಕತ್ತರಿಸಿ ಹೊಲಿಸಬೇಕು. ಕಾಗದದಲ್ಲಿ ಕತ್ತರಿಸಿದ ಮಾದರಿ ಸಿದ್ಧವಾಗಿದೆ.