ಬ್ಲೂಸ್ ಜೂನಿಯರ್ ಜೊತೆ ಮೂರು ವರ್ಷ: ಕ್ಲೀನ್ ಟೋನ್ ಸಿಕ್ಕಿದ್ದು ಹೀಗೆ

ಬಳ್ಳಾರಿಯಲ್ಲಿ ನಮ್ಮದೊಂದು ಸಣ್ಣ ಆರ್ಕೆಸ್ಟ್ರಾ ಇದೆ. ಗಣೇಶ ಹಬ್ಬ, ಆರತಕ್ಷತೆ, ಸುತ್ತಲಿನ ಹಳ್ಳಿಗಳ ಜಾತ್ರೆ. ನಾನು ಗಿಟಾರ್. ಹಳೆಯ ಮೆಲೋಡಿ ಹಾಡುಗಳೇ ಜಾಸ್ತಿ, ಹಾಗಾಗಿ ನನಗೆ ಬೇಕಿರುವುದು ತಿಳಿಯಾದ ಸದ್ದು, ಅಂದರೆ ಕ್ಲೀನ್ ಟೋನ್, ಅಷ್ಟೇ. ಗರಗರ ಬೇಡ.

ಮೂರು ವರ್ಷದ ಹಿಂದೆ ಬೆಂಗಳೂರಿನ ಗೆಳೆಯನಿಂದ ಈ ಫೆಂಡರ್ ಬ್ಲೂಸ್ ಜೂನಿಯರ್ ಗಿಟಾರ್ ಆಂಪ್ ಸೆಕೆಂಡ್ ಹ್ಯಾಂಡ್ ತಗೊಂಡೆ. 15 ವ್ಯಾಟ್, 12 ಇಂಚಿನ ಒಂದು ಸ್ಪೀಕರ್, ಹಿಂದೆ ಐದು ಟ್ಯೂಬ್, ಅಂದರೆ ಸಿಗ್ನಲ್ ಹಿಗ್ಗಿಸುವ ಗಾಜಿನ ವಾಲ್ವ್: ಮೂರು ಚಿಕ್ಕ 12ಎಎಕ್ಸ್7, ಎರಡು ಇಎಲ್84. ಮನೆಗೆ ತಂದು ಹಚ್ಚಿದರೆ ಸದ್ದು ಸ್ಪೀಕರ್ ಹರಿದ ಹಾಗೆ ಬಂತು. ಗೆಳೆಯನಿಗೆ ಫೋನ್ ಮಾಡಿ ಬೈದೂ ಬಿಟ್ಟೆ. ಆಮೇಲೆ ಕ್ಷಮೆ ಕೇಳಬೇಕಾಯಿತು, ಯಾಕಂದ್ರೆ ತಪ್ಪು ನನ್ನದೇ.

ಅಲ್ಲಿಯವರೆಗೆ ನಾನು ನುಡಿಸಿದ್ದೆಲ್ಲ ಟ್ರಾನ್ಸಿಸ್ಟರ್ ಆಂಪ್. ಅದರಲ್ಲಿ ಕ್ಲೀನ್ ಅಂತ ಬೇರೆ ಚಾನೆಲ್ಲೇ ಇತ್ತು. ಇದರಲ್ಲಿ ಇರುವುದು ಒಂದೇ ಚಾನೆಲ್, ಆದರೆ ವಾಲ್ಯೂಮ್ ನಾಬ್ ಒಂದು, ಕೊನೆಯಲ್ಲಿ ಒಟ್ಟು ಸದ್ದು ಏರಿಸಿ ಇಳಿಸುವ ಮಾಸ್ಟರ್ ನಾಬ್ ಒಂದು. ಅಕ್ಕಪಕ್ಕದವರಿಗೆ ತೊಂದರೆ ಆಗಬಾರದು ಅಂತ ನಾನು ಮಾಸ್ಟರ್ ಇಳಿಸಿ, ಸದ್ದು ಸಾಲದು ಅಂತ ವಾಲ್ಯೂಮ್ ಏರಿಸಿದ್ದೆ. ಮಾಡಬೇಕಿದ್ದದ್ದು ಪೂರ್ತಿ ಉಲ್ಟಾ. ವಾಲ್ಯೂಮ್ ಅನ್ನುವುದು ಮುಂದಿನ ಟ್ಯೂಬುಗಳಿಗೆ ಎಷ್ಟು ಸಿಗ್ನಲ್ ಹೋಗಬೇಕು ಅನ್ನುವ ನಲ್ಲಿ. ಅದನ್ನು ಜಾಸ್ತಿ ಬಿಟ್ಟರೆ ಅಲ್ಲೇ ಸದ್ದು ಒಡೆಯುತ್ತದೆ. ಒಡೆದ ಸದ್ದನ್ನು ಮಾಸ್ಟರ್ ಚಿಕ್ಕದು ಮಾಡಬಹುದು, ತಿಳಿ ಮಾಡಲು ಆಗಲ್ಲ.

ಈಗ ನನ್ನ ಲೆಕ್ಕ ಇದು. ಮಾಸ್ಟರ್ ಪೂರ್ತಿ ಬಲಕ್ಕೆ. ವಾಲ್ಯೂಮ್ ಸೊನ್ನೆಯಿಂದ ಶುರು ಮಾಡಿ ಕೂದಲೆಳೆಯಷ್ಟು ಏರಿಸುತ್ತಾ ಹೋಗುವುದು. ಗಟ್ಟಿಯಾಗಿ ಕಾರ್ಡ್ ಬಾರಿಸಿದಾಗ ಅಂಚು ಒಡೆಯಲು ಶುರುವಾದರೆ ಸ್ವಲ್ಪ ಹಿಂದಕ್ಕೆ. ಫ್ಯಾಟ್ ಅನ್ನುವ ಸ್ವಿಚ್ ಆಫ್, ಅದು ಮಿಡಲ್ (ನಡುವಿನ ಸ್ವರಗಳು) ಉಬ್ಬಿಸಿ ಗೇನ್, ಅಂದರೆ ಸಿಗ್ನಲ್ ಹಿಗ್ಗಿಸುವ ಪ್ರಮಾಣ, ಏರಿಸುತ್ತದೆ. ಬಾಸ್ ಅರ್ಧಕ್ಕಿಂತ ಕೆಳಗೆ. ರಿವರ್ಬ್ (ಗುಂಯ್‌ಗುಡುವ ಅನುರಣನ) ಚಿಟಿಕೆ ಉಪ್ಪಿನಷ್ಟು. ಒಂದು ಮಾತು: ಮಾಸ್ಟರ್ ಪೂರ್ತಿ ಇದ್ದಾಗ ವಾಲ್ಯೂಮ್ ಮುಟ್ಟಿದರೆ ಸಾಕು, ಸದ್ದು ಹಾರಿ ಬೀಳುತ್ತದೆ. 15 ವ್ಯಾಟ್ ಅಂತ ಸಸಾರ ಮಾಡಬೇಡಿ. ನಮ್ಮಮ್ಮ ಅಡುಗೆಮನೆಯಿಂದ ಓಡಿ ಬಂದಿದ್ದಾರೆ.

ಅರ್ಧ ಕೆಲಸ ಗಿಟಾರಿನಲ್ಲೇ ಇದೆ. ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗವೇ ಪಿಕಪ್. ನನ್ನದರಲ್ಲಿ ಇರುವುದು ಎರಡು ಸುರುಳಿಯ ಹಂಬಕರ್ ಪಿಕಪ್. ಒಂದೇ ಸುರುಳಿಯ ಸಿಂಗಲ್ ಕಾಯಿಲ್‌ಗಿಂತ ಇದರ ಸಿಗ್ನಲ್ ಸಾಮಾನ್ಯವಾಗಿ ಜೋರು. ಸ್ಕ್ರೂಡ್ರೈವರ್ ಹಿಡಿದು ಪಿಕಪ್ಪನ್ನು ತಂತಿಯಿಂದ ಸ್ವಲ್ಪ ಕೆಳಗಿಳಿಸಿದೆ. ಐದು ಪೈಸೆ ಖರ್ಚಿಲ್ಲದ ಕೆಲಸ, ಆದರೆ ಬೇರೆ ಗಿಟಾರೇ ತಂದಷ್ಟು ವ್ಯತ್ಯಾಸ. ಗಿಟಾರಿನ ವಾಲ್ಯೂಮ್ ಏಳರ ಹತ್ತಿರ ಇಡುತ್ತೇನೆ. ಹಾಗೆ ಇಳಿಸಿದರೆ ಟ್ರೆಬಲ್ ಮಂಕಾಗುತ್ತದೆ, ಅದನ್ನು ಆಂಪಿನಲ್ಲಿ ತುಸು ಏರಿಸಿಕೊಂಡರೆ ಆಯಿತು.

ಎರಡನೇ ವರ್ಷ ಒಂದು ಟ್ಯೂಬ್ ಕೂಗಲು ಶುರುವಾಯಿತು. ಗೂಡ್ಸ್ ಆಟೋದಲ್ಲಿ ಕುಲುಕಿ ಕುಲುಕಿ ಹೀಗಾಗಿರಬೇಕು. ಊರಿನಲ್ಲಿ ಇದನ್ನು ನೋಡುವವರು ಯಾರು ಅಂತ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಕೌಲ್ ಬಜಾರಿನ ಒಬ್ಬ ಹಳೆಯ ರೇಡಿಯೋ ಮೆಕ್ಯಾನಿಕ್. ಹಿಂದಿನಿಂದ ಇಣುಕಿ ನೋಡಿದವರೇ, "ತಮ್ಮಾ, ಇದು ನಮ್ಮ ವಾಲ್ವ್ ರೇಡಿಯೋ ಅಲ್ಲೇನು?" ಅಂದರು. ನಾವು 12ಎಎಕ್ಸ್7 ಅನ್ನುವುದನ್ನು ಅವರು ಇಸಿಸಿ83 ಅನ್ನುತ್ತಾರೆ, ಯುರೋಪಿನ ಹೆಸರು. ಇಎಲ್84 ಅಂತೂ ಹಳೆಯ ರೇಡಿಯೋಗಳಲ್ಲಿ ಸ್ಪೀಕರ್ ಓಡಿಸುತ್ತಿದ್ದ ವಾಲ್ವೇ. ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕೂಡ ಒಂದು ಕಾಲಕ್ಕೆ ರೇಡಿಯೋ ವಾಲ್ವ್ ಮಾಡುತ್ತಿತ್ತು ಅಂತ ಖುಷಿಯಲ್ಲಿ ಕಥೆ ಹೇಳಿದರು. ಪೆನ್ಸಿಲ್ಲಿನ ಹಿಂಬದಿಯಿಂದ ಒಂದೊಂದೇ ಟ್ಯೂಬ್ ಮೆಲ್ಲಗೆ ತಟ್ಟಿದರು. ಕೆಟ್ಟದ್ದು ಸ್ಪೀಕರಿನಲ್ಲಿ ಟಣ್ ಅಂತು. ಟೀ ಕುಡಿಸಿದ್ದಕ್ಕೆ ದುಡ್ಡೇ ತಗೊಳ್ಳಲಿಲ್ಲ.

ಕೆಟ್ಟಿದ್ದು ಮೊದಲನೆಯ ಚಿಕ್ಕ ಟ್ಯೂಬ್. ಅದರ ಜಾಗಕ್ಕೆ ಇನ್ನೊಂದು 12ಎಎಕ್ಸ್7 ಹಾಕದೆ 5751 ಅನ್ನುವ ಬೇರೆ ಟ್ಯೂಬ್ ತರಿಸಿ ಹಾಕಿದೆ. ಅದೇ ಒಂಬತ್ತು ಪಿನ್, ಅದೇ ಸಾಕೆಟ್. 12ಎಎಕ್ಸ್7 ಹಿಗ್ಗಿಸುವ ಶಕ್ತಿ 100 ಅಂದರೆ ಇದರದ್ದು 70. ವಾಲ್ಯೂಮ್ ನಾಬ್ ಈಗ ಅಷ್ಟು ತುಂಟತನ ಮಾಡಲ್ಲ, ತಿಳಿ ಸದ್ದಿಗೆ ತಿರುಗಿಸಲು ಜಾಗ ಜಾಸ್ತಿ ಸಿಕ್ಕಿದೆ. ಒಳಗಿನ ಕೆಪಾಸಿಟರ್‌ಗಳಲ್ಲಿ ಮಾತ್ರ ಪ್ಲಗ್ ಕಿತ್ತ ಮೇಲೂ ಕರೆಂಟ್ ಉಳಿದಿರುತ್ತದೆ, ಜೀವ ತೆಗೆಯುವಷ್ಟು. ಟ್ಯೂಬನ್ನು ಹಿಂದಿನಿಂದ, ಆಫ್ ಮಾಡಿ, ತಣ್ಣಗಾದ ಮೇಲೆ ಬದಲಿಸಿ. ಅದರಾಚೆಗೆ ಬಿಚ್ಚಲು ಹೋಗಬೇಡಿ. ಸ್ಪೀಕರ್ ವೈರ್ ಕಿತ್ತು ಆಂಪ್ ಹಚ್ಚುವುದಂತೂ ಬೇಡವೇ ಬೇಡ, ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು.

ಇನ್ನು ನಮ್ಮ ಕಡೆಯ ಕರೆಂಟ್. ಬೇಸಿಗೆ ಸಂಜೆ ಎಲ್ಲರ ಮನೆಯ ಕೂಲರ್ ಒಟ್ಟಿಗೆ ತಿರುಗಲು ಶುರುವಾದಾಗ ವೋಲ್ಟೇಜ್ ಕುಸಿಯುತ್ತದೆ. ಟ್ಯೂಬಿಗೆ ಸಿಗುವ ವೋಲ್ಟೇಜ್ ಇಳಿದರೆ ಕ್ಲೀನ್ ಬೇಗ ಮುಗಿಯುತ್ತದೆ. ಬೆಳಗ್ಗೆ ಹೊಂದಿಸಿದ ಸದ್ದು ಸಂಜೆ ಗರಗರ ಅನ್ನುತ್ತದೆ. ನನಗೆ ಇದು ತಿಳಿಯಲು ಒಂದು ಇಡೀ ಬೇಸಿಗೆ ಬೇಕಾಯಿತು. ಒಳ್ಳೆಯ ಸ್ಟೆಬಿಲೈಸರ್ ಹಾಕಿದ ಮೇಲೆ ಸರಿಹೋಯಿತು. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಮಾತ್ರ ಹಚ್ಚಬೇಡಿ, ಜೇನುಗೂಡು ಕೆದಕಿದ ಸದ್ದು. ಪೆಂಡಾಲಿನಲ್ಲಿ ಅರ್ಥಿಂಗ್ ಇಲ್ಲದಿದ್ದರೆ ನಾನು ಆಂಪ್ ಇಳಿಸುವುದೇ ಇಲ್ಲ, ಕೀಬೋರ್ಡಿನವನ ಬೈಗುಳ ಕೇಳಿಕೊಂಡಾದರೂ ಸರಿ.

ಬಯಲು ವೇದಿಕೆಯಲ್ಲಿ ಡ್ರಮ್ಸ್ ಎದುರು 15 ವ್ಯಾಟಿನ ಕ್ಲೀನ್ ಸಾಲಲ್ಲ. ಏರಿಸಿದರೆ ಒಡೆಯುತ್ತದೆ. ಸ್ಪೀಕರ್ ಮುಂದೆ ಮೈಕ್ ಇಟ್ಟು ಮಿಕ್ಸರ್‌ಗೆ ಕೊಡುತ್ತೇವೆ. ಆಂಪಿನ ನಡುವೆ ಪೆಡಲ್ ಸೇರಿಸುವ ಎಫೆಕ್ಟ್ಸ್ ಲೂಪ್ ಇದರಲ್ಲಿ ಇಲ್ಲ, ನಾನು ಸದ್ದನ್ನು ಮರುಕಳಿಸುವ ಒಂದೇ ಒಂದು ಡಿಲೇ ಪೆಡಲ್ ಬಳಸುವವನು, ಗಿಟಾರಿಗೂ ಆಂಪಿಗೂ ನಡುವೆಯೇ ಹಾಕಿಕೊಂಡಿದ್ದೇನೆ. ಬರೀ ಕ್ಲೀನ್ ಬೇಕು, ದೊಡ್ಡ ವೇದಿಕೆ, ಮೈಕ್ ಇಡುವ ಗೋಜು ಬೇಡ ಅನ್ನುವವರು ಇದನ್ನು ತಗೊಳ್ಳಬೇಡಿ, ಜಾಸ್ತಿ ವ್ಯಾಟಿನದು ನೋಡಿ.

ನಾನು ಮಾರಲ್ಲ. ಇಎಲ್84 ಜೋಡಿ ಸುಸ್ತಾಗಿದೆ ಅನ್ನಿಸುತ್ತಿದೆ, ಸದ್ದು ಮೊದಲಿನ ಹಾಗೆ ಪುಟಿಯುತ್ತಿಲ್ಲ. ಗಣೇಶ ಹಬ್ಬಕ್ಕೆ ಮೊದಲು ಎರಡನ್ನೂ ಒಟ್ಟಿಗೆ, ಮ್ಯಾಚ್ ಮಾಡಿದ (ಅಳತೆ ನೋಡಿ ಒಂದಕ್ಕೊಂದು ಹೊಂದಿಸಿದ) ಜೋಡಿಯಾಗಿಯೇ ತರಿಸಬೇಕು. ಮೆಕ್ಯಾನಿಕ್ ಯಜಮಾನರಿಗೆ ಆಗಲೇ ಹೇಳಿಟ್ಟಿದ್ದೇನೆ. ಬರುವಾಗ ಗಿಟಾರನ್ನೂ ತಗೊಂಡು ಬಾ ಅಂದಿದ್ದಾರೆ.