ಫೋನಿನ ಚೆಸ್‌ನಲ್ಲಿ 1500 ಅಂದರೆ ನಿಜಕ್ಕೂ ಎಷ್ಟು? ಆಡಿ ನೋಡಿದ ಹೋಲಿಕೆ

ಆ್ಯಪ್‌ನಲ್ಲಿ 1500 ರೇಟಿಂಗ್ (ಆಟದ ಬಲ ತೋರಿಸುವ ಸಂಖ್ಯೆ) ಅಂತ ಬರೆದಿರುವ ಕಂಪ್ಯೂಟರನ್ನು ಮನೆಯಲ್ಲಿ ಆರಾಮಾಗಿ ಸೋಲಿಸುವ ಮಕ್ಕಳು, ಟೂರ್ನಮೆಂಟಿನಲ್ಲಿ 1400 ರೇಟಿಂಗಿನವರ ಎದುರು ಸಾಲಾಗಿ ಸೋತು ಬರುತ್ತಾರೆ. ಮಕ್ಕಳಿಗೆ ಬೇಜಾರು, ಅಪ್ಪ ಅಮ್ಮನಿಗೆ ಗೊಂದಲ. ನಮ್ಮ ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ಈ ತೊಂದರೆ ಜಾಸ್ತಿ. ಇಲ್ಲಿ ಎದುರಿಗೆ ಕೂತು ಆಡುವವರು ಕಡಿಮೆ. ಶಿವಮೊಗ್ಗದಲ್ಲಾದರೆ ಸಿಗುತ್ತಾರೆ, ಆದರೆ ಒಂದು ಆಟಕ್ಕಾಗಿ ದಿನಾ ಅರವತ್ತು ಕಿಲೋಮೀಟರ್ ಬಸ್ ಹತ್ತಲು ಆಗಲ್ಲ ಅಲ್ವಾ. ಹಾಗಾಗಿ ಫೋನೇ ಜೊತೆಗಾರ. ಆ ಜೊತೆಗಾರನ ಬಲ ಎಷ್ಟು ಅಂತ ಸರಿಯಾಗಿ ತಿಳಿಯದೆ ಅಭ್ಯಾಸ ಮಾಡಿಸಿದರೆ ಮಕ್ಕಳ ಶ್ರಮ ವ್ಯರ್ಥ. ಈ ಹೋಲಿಕೆಗೆ ನಾನು ಕೈಹಾಕಿದ್ದು ಅದಕ್ಕೇ.

ಪೂರ್ತಿ ಬಲದಲ್ಲಿ ಆಡುವ ಫೋನಿನ ಬಗ್ಗೆ ಚರ್ಚೆಯೇ ಬೇಡ. 2009ರಲ್ಲಿ ಬ್ಯೂನಸ್ ಐರಿಸ್‌ನ ಕೋಪಾ ಮರ್ಕೊಸುರ್ ಟೂರ್ನಮೆಂಟಿನಲ್ಲಿ ಪಾಕೆಟ್ ಫ್ರಿಟ್ಸ್ 4 ಎಂಬ ಪ್ರೋಗ್ರಾಂ ಒಂದು ಎಚ್‌ಟಿಸಿ ಫೋನಿನಲ್ಲಿ ಆಡಿ 10 ಆಟಕ್ಕೆ 9.5 ಅಂಕ (ಗೆಲುವಿಗೆ ಒಂದು, ಡ್ರಾಗೆ ಅರ್ಧ) ತೆಗೆದಿತ್ತು. ಆ ಟೂರ್ನಮೆಂಟಿನ ಮಟ್ಟಿಗೆ ಅದರ ಸಾಧನೆಯ ರೇಟಿಂಗ್ 2898. ಆಗಿನ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ 2014ರಲ್ಲಿ ಮುಟ್ಟಿದ ಗರಿಷ್ಠ ರೇಟಿಂಗ್ 2882. ಆ ಫೋನ್ ಸೆಕೆಂಡಿಗೆ 20,000 ಸ್ಥಿತಿಗಳನ್ನೂ ನೋಡುತ್ತಿರಲಿಲ್ಲ. ಇವತ್ತಿನ ಸಾಧಾರಣ ಫೋನ್ ಅದಕ್ಕಿಂತ ಎಷ್ಟೋ ಪಟ್ಟು ವೇಗ. ನಮಗೆ ಬೇಕಾದ ಪ್ರಶ್ನೆ ಬೇರೆ: ಅದೇ ಪ್ರೋಗ್ರಾಂನ ಬಲ ಇಳಿಸಿ ಮಕ್ಕಳ ಮುಂದೆ ಇಟ್ಟಾಗ ಅದು ಎಷ್ಟರ ಆಟಗಾರ?

ನಾನು ನೋಡಿದ್ದು ಮುಖ್ಯವಾಗಿ ಮೂರು ಬಗೆ. ಒಂದು, ಆಂಡ್ರಾಯ್ಡ್‌ನ ಡ್ರಾಯ್ಡ್‌ಫಿಶ್. ಇದರೊಳಗೆ ಸ್ಟಾಕ್‌ಫಿಶ್ ಎಂಬ ಚೆಸ್ ಪ್ರೋಗ್ರಾಂ ಇದೆ, ನೆಟ್ ಬೇಡ, ದುಡ್ಡೂ ಬೇಡ. ಎರಡು, ಲೀಚೆಸ್ ಎಂಬ ಆನ್‌ಲೈನ್ ಚೆಸ್ ತಾಣದಲ್ಲಿ ಸಿಗುವ ಮಾಯಾ ಬಾಟ್‌ಗಳು (ಬಾಟ್ ಅಂದರೆ ಕಂಪ್ಯೂಟರ್ ಆಟಗಾರ). ಮೂರು, ಒಂದೊಂದು ಬಾಟ್‌ಗೂ ಮುಖ, ಹೆಸರು, ರೇಟಿಂಗ್ ಅಂಟಿಸಿ ಕೊಡುವ ಒಂದು ಆ್ಯಪ್. ಅದರ ಹೆಸರು ಇಲ್ಲಿ ಬೇಡ, ಆ ಥರದವು ಬೇಕಾದಷ್ಟಿವೆ.

ನನ್ನ ಅಳತೆಗೋಲು ಇಬ್ಬರು ಮನುಷ್ಯರು. ಒಬ್ಬಳು ಅಕ್ಕನ ಮಗಳು, ಫಿಡೆ (ವಿಶ್ವ ಚೆಸ್ ಸಂಸ್ಥೆ) ರೇಟಿಂಗ್ ಇದೆ, 1500ರ ಆಸುಪಾಸು. ಇನ್ನೊಬ್ಬ ವಿನೋಬನಗರದ ಗೆಳೆಯ, ಅವಳಿಗಿಂತ ಸುಮಾರು 200 ಮೇಲೆ ಅನ್ನಬೇಕು. ರೇಟಿಂಗ್ ಇರುವ ಮನುಷ್ಯರನ್ನು ಕೂರಿಸದೆ ಆ್ಯಪ್‌ನ ಬಲ ಹೇಳುವ ದಾರಿ ನನಗೆ ಕಂಡಿಲ್ಲ. ಎರಡು ಪ್ರೋಗ್ರಾಂಗಳನ್ನು ಪರಸ್ಪರ ಆಡಿಸಬಹುದು. ಮೇಜಿನ ಮೇಲೆ ಎರಡು ಫೋನ್ ಇಟ್ಟು, ಒಂದರ ನಡೆಯನ್ನು ಇನ್ನೊಂದಕ್ಕೆ ಕೈಯಾರೆ ಹಾಕುತ್ತಾ ಅದನ್ನೂ ಮಾಡಿದ್ದೇನೆ. ಯಾವುದು ಯಾವುದಕ್ಕಿಂತ ಮೇಲು ಅಂತ ಅದರಿಂದ ಗೊತ್ತಾಗುತ್ತದೆ. ಮನುಷ್ಯನ ಲೆಕ್ಕದಲ್ಲಿ ಎಷ್ಟು ಅಂತ ಗೊತ್ತಾಗಲ್ಲ. ಸಿಸಿಆರ್‌ಎಲ್ ಎಂಬ ಚೆಸ್ ಪ್ರೋಗ್ರಾಂ ಪಟ್ಟಿಯ ರೇಟಿಂಗ್ ಕೂಡ ಪ್ರೋಗ್ರಾಂಗಳು ತಮ್ಮತಮ್ಮಲ್ಲೇ ಆಡಿ ಬಂದದ್ದು. ಫಿಡೆ ರೇಟಿಂಗ್ ಬೇರೆ ಗುಂಪಿನದು. ಲೀಚೆಸ್‌ನದು ಮತ್ತೂ ಬೇರೆ: ಅಲ್ಲಿ ಗ್ಲಿಕೊ-2 ಎಂಬ ರೇಟಿಂಗ್ ಲೆಕ್ಕ, ಎಲ್ಲರೂ 1500ರಿಂದ ಶುರು. ಈ ಮೂರು ಕಡೆಯ 1500 ಒಂದೇ ಅಲ್ಲ.

ಲೆಕ್ಕ ಸುಲಭ. ಇಬ್ಬರ ರೇಟಿಂಗ್ ನಡುವೆ 200 ವ್ಯತ್ಯಾಸ ಇದ್ದರೆ ಮೇಲಿನವರಿಗೆ ಆಟದ ಅಂಕಗಳಲ್ಲಿ ನೂರಕ್ಕೆ 76ರಷ್ಟು ಬರಬೇಕು. 100 ಇದ್ದರೆ 64. ತಿರುಗಿಸಿ ನೋಡಿ: 1500ರ ಆಟಗಾರ್ತಿ 20 ಆಟದಲ್ಲಿ 15 ಅಂಕ ತೆಗೆದರೆ ಆ ಪ್ರೋಗ್ರಾಂ ಅವಳಿಗಿಂತ ಸುಮಾರು 190 ಕೆಳಗೆ, ಅಂದರೆ 1310ರ ಹತ್ತಿರ. ಆದರೆ 20 ಆಟ ಅಂದರೆ ತೀರಾ ಕಡಿಮೆ. ಸಮಬಲದ ಆಟದಲ್ಲೂ ಬರೀ ಅದೃಷ್ಟದಿಂದ ರೇಟಿಂಗಿನ ಅಂದಾಜು 150 ಆಚೀಚೆ ಆಗಬಹುದು. 100 ಆಟ ಆಡಿದರೂ 70ರ ತನಕ ಆಚೀಚೆ ಇದ್ದೇ ಇರುತ್ತದೆ. ಐದಾರು ಆಟ ಆಡಿ "ಇದು 1400" ಅನ್ನುವವರ ಮಾತನ್ನು ದಯವಿಟ್ಟು ನಂಬಬೇಡಿ. ನಾನು ಕೆಳಗೆ ಹೇಳುವುದನ್ನೂ ಇಷ್ಟೇ ಸಡಿಲ ಇಟ್ಟುಕೊಂಡು ಓದಿ.

ಮೊದಲು ಡ್ರಾಯ್ಡ್‌ಫಿಶ್. ಸ್ಟಾಕ್‌ಫಿಶ್ 16ರಲ್ಲಿ ಬಲವನ್ನು 1320ರಿಂದ 3190ರವರೆಗೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಇದನ್ನು 1500ಕ್ಕೆ ನಿಲ್ಲಿಸಿ ಅಕ್ಕನ ಮಗಳ ಎದುರು ಆಡಿಸಿದಾಗ ಅಂಕ ಹೆಚ್ಚುಕಮ್ಮಿ ಸಮ ಬಂತು. ಸಂಖ್ಯೆ ಸರಿ ಇದೆ ಅನ್ನಿಸಬೇಕು ಅಲ್ವಾ? ಆಟ ನೋಡಿದರೆ ಹಾಗಿಲ್ಲ. ಹನ್ನೆರಡು ನಡೆ ಮಾಸ್ಟರ್ ಥರ ಆಡುತ್ತದೆ. ಆಮೇಲೆ ಯಾವ ಒತ್ತಡವೂ ಇಲ್ಲದೆ ಒಂದು ಕುದುರೆಯನ್ನು ಪಾನ್‌ನ ಬಾಯಿಗೆ ಇಡುತ್ತದೆ. ಅಕ್ಕನ ಮಗಳು ಬೋರ್ಡಿನಿಂದ ಕಣ್ಣು ಎತ್ತದೆ ಕೇಳಿದಳು:

"ಮಾವ, ಇದು ಕುದುರೆ ಸುಮ್ನೆ ಕೊಟ್ಬಿಡ್ತು. ಏನೋ ಪ್ಲಾನ್ ಇರ್ಬೇಕಾ?"

"ಏನೂ ಇಲ್ಲ ಪುಟ್ಟಿ, ತಗೋ."

ತೆಗೆದುಕೊಂಡಳು. ಆಮೇಲೆ ಒಂದು ಕುದುರೆ ಕಡಿಮೆ ಇಟ್ಟುಕೊಂಡೇ ಅದು ಮತ್ತೆ ಮಾಸ್ಟರ್ ಥರ ಆಡಿ, ಆನೆಗಳ ಕೊನೆಯಾಟದಲ್ಲಿ ಪಂದ್ಯ ಡ್ರಾ ಮಾಡಿಕೊಂಡಿತು. ಇದಕ್ಕೆ ಕಾರಣ ಅದರ ಒಳಗಿನ ಕೆಲಸ. ಬಲ ಇಳಿಸಿದಾಗ ಸ್ಟಾಕ್‌ಫಿಶ್ ಕನಿಷ್ಠ ನಾಲ್ಕು ಒಳ್ಳೆಯ ನಡೆಗಳನ್ನು ಹುಡುಕಿ, ಲಾಟರಿ ಎತ್ತಿದ ಹಾಗೆ ಅದರಲ್ಲೊಂದನ್ನು ಆರಿಸುತ್ತದೆ. ಬಲ ಇಳಿದಷ್ಟೂ ಕೆಟ್ಟ ನಡೆ ಬರುವ ಸಾಧ್ಯತೆ ಜಾಸ್ತಿ. ಅದು ಕಷ್ಟದ ಜಾಗದಲ್ಲಿ ತಪ್ಪುವುದಿಲ್ಲ, ಎಲ್ಲೋ ಒಂದು ಕಡೆ ತಪ್ಪುತ್ತದೆ. 1500ರ ಮನುಷ್ಯ ಹಾಗೆ ತಪ್ಪುವುದಿಲ್ಲ. ಗಡಿಯಾರ ಓಡುವಾಗ, ಎರಡು ಕಡೆಯಿಂದ ದಾಳಿ ಬಂದಾಗ ತಪ್ಪುತ್ತಾನೆ.

ಇಲ್ಲೇ ಇನ್ನೊಂದು ಮಾತು, ಹಳ್ಳಿಯ ಮನೆಗಳಲ್ಲಿ ಜಾಸ್ತಿ ಕೇಳುವ ಪ್ರಶ್ನೆ: ಹಳೇ ಫೋನಿನಲ್ಲಿ ಪ್ರೋಗ್ರಾಂ ಮಂಕಾಗುತ್ತದಾ? ಪೂರ್ತಿ ಬಲದಲ್ಲಿ ಹೌದು. ವೇಗ ಎರಡು ಪಟ್ಟಾದರೆ ಬಲ ಸುಮಾರು 50ರಿಂದ 70 ಅಂಕ ಏರುತ್ತದೆ ಅನ್ನುವುದು ಹಳೆಯ ಅಂದಾಜು. ಫೋನ್ ಬಿಸಿಯಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ಆಗ ಬಲವೂ ಸ್ವಲ್ಪ ಇಳಿಯುತ್ತದೆ. ಆದರೆ ಇಳಿಸಿಟ್ಟ ಸ್ಟಾಕ್‌ಫಿಶ್ ತನ್ನ ನಡೆಯನ್ನು ಕೆಲವೇ ಹಂತ ಆಳ ನೋಡಿ ಆರಿಸಿಬಿಡುತ್ತದೆ. ಅಷ್ಟು ಆಳ ಯಾವ ಫೋನಿಗೂ ಕಣ್ಣು ಮಿಟುಕಿಸುವಷ್ಟರ ಕೆಲಸ. ನಾನು ಅಪ್ಪನ ಹಳೇ ಫೋನಿನಲ್ಲೂ ನನ್ನ ಹೊಸದರಲ್ಲೂ 1500ಕ್ಕೆ ಇಟ್ಟು ನೋಡಿದೆ, ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಮಕ್ಕಳ ಚೆಸ್‌ಗಾಗಿ ದುಬಾರಿ ಫೋನ್ ಕೊಳ್ಳುವ ಅಗತ್ಯ ಇಲ್ಲ.

ಇನ್ನು ಮಾಯಾ. ಇದು ನನಗೆ ತುಂಬ ಇಷ್ಟವಾದದ್ದು, ಕಾರಣ ಇದರ ಹುಟ್ಟು. ಲೀಚೆಸ್‌ನಲ್ಲಿ ಮನುಷ್ಯರು ಆಡಿದ ಲಕ್ಷಾಂತರ ಆಟ ಕೊಟ್ಟು, ಒಳ್ಳೆಯ ನಡೆಯ ಬದಲು ಮನುಷ್ಯ ಆಡುವ ನಡೆ ಯಾವುದು ಅಂತ ಊಹಿಸಲು ಇದಕ್ಕೆ ಕಲಿಸಿದ್ದಾರೆ. ಲೀಚೆಸ್‌ನ 1100, 1500, 1900ರ ಆಟಗಾರರ ಆಟದಿಂದ ಕಲಿತ ಮೂರು ಬಾಟ್ ಅಲ್ಲಿ ಸಿಗುತ್ತವೆ: ಮಾಯಾ1, ಮಾಯಾ5, ಮಾಯಾ9.

ಮಾಯಾ1ರ ಮೇಲೆ ಎರಡು ಕುದುರೆಯ ಆರಂಭ ಆಡಿಸಿದೆ. ನಮ್ಮ ಕುದುರೆ ಜಿ5 ಮನೆಗೆ ಹೋಗಿ, ಎದುರಾಳಿ ರಾಜನ ಪಕ್ಕದ ಎಫ್7 ಮನೆಯ ಮೇಲೆ ಕಣ್ಣಿಟ್ಟಿತು. ಅದು ಡಿ5ಕ್ಕೆ ಪಾನ್ ತಳ್ಳಿತು, ನಾವು ಹೊಡೆದೆವು, ಅದು ಕುದುರೆಯಿಂದ ವಾಪಸ್ ಹೊಡೆಯಿತು. ಶಿವಮೊಗ್ಗದ ಯಾವ ಶಾಲಾ ಟೂರ್ನಮೆಂಟಿಗೆ ಹೋದರೂ ಮಕ್ಕಳು ಇದೇ ನಡೆ ಆಡುತ್ತಾರೆ. ತಕ್ಷಣ ಎಫ್7ರಲ್ಲಿ ಕುದುರೆ ಬಲಿ, ರಾಜ ಬಯಲಿಗೆ. ಈ ತಪ್ಪು ಮನುಷ್ಯರ ತಪ್ಪು. ಇದನ್ನು ಶಿಕ್ಷಿಸಲು ಕಲಿತರೆ ಟೂರ್ನಮೆಂಟಿನಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಆದರೆ ಹೆಸರಿನ ಸಂಖ್ಯೆ ನೋಡಿ ಬಲ ಹೇಳಬೇಡಿ. 1100ರವರಿಂದ ಕಲಿತ ಮಾಯಾ, 1100ಕ್ಕಿಂತ ಸಾಕಷ್ಟು ಗಟ್ಟಿ. ಆ ಮಟ್ಟದ ಒಬ್ಬೊಬ್ಬರೂ ಒಂದೊಂದು ಕಡೆ ಎಡವುತ್ತಾರೆ, ಮಾಯಾ ಹೆಚ್ಚು ಜನ ಆಡುವ ನಡೆಯನ್ನೇ ಆರಿಸುತ್ತದೆ. ಅಪರೂಪದ ಎಡವಟ್ಟುಗಳು ಹಾಗೆ ಕಳೆದುಹೋಗುತ್ತವೆ. ಲೀಚೆಸ್‌ನಲ್ಲೇ ಆ ಬಾಟ್‌ಗಳ ನಿಜವಾದ ರೇಟಿಂಗ್ ಕಾಣುತ್ತದೆ, ಅದನ್ನೇ ನೋಡಿ. ಅದೂ ಲೀಚೆಸ್ ಲೆಕ್ಕದ್ದು. ನಮ್ಮ ಮಟ್ಟದವರಿಗೆ ಸಾಮಾನ್ಯವಾಗಿ ಅದು ಫಿಡೆಗಿಂತ ಮೇಲೆ ಇರುತ್ತದೆ.

ಇದರ ಒಂದೇ ಕೊರತೆ, ನೆಟ್ ಬೇಕು. ಪುನರ್ವಸು ಮಳೆ ಹಿಡಿದರೆ ನಮ್ಮಲ್ಲಿ ಕರೆಂಟೂ ಇಲ್ಲ, ಟವರೂ ಇಲ್ಲ. ಆ ದಿನಗಳಿಗೆ ಡ್ರಾಯ್ಡ್‌ಫಿಶ್ಶೇ ಗತಿ. ಆಗ ನಾವು ಪೂರ್ತಿ ಆಟ ಬಿಟ್ಟು, ಆನೆ ಮತ್ತು ಪಾನ್‌ಗಳ ಕೊನೆಯಾಟ ಜೋಡಿಸಿ, ಪೂರ್ತಿ ಬಲದ ಸ್ಟಾಕ್‌ಫಿಶ್ ಎದುರು ಗೆಲ್ಲುವ ಕಡೆ ಹಿಡಿದು ಆಡುತ್ತೇವೆ. ಅಲ್ಲಿ ರೇಟಿಂಗಿನ ಪ್ರಶ್ನೆಯೇ ಬರಲ್ಲ, ಗೆಲ್ಲಬೇಕಾದದ್ದನ್ನು ಗೆಲ್ಲಬೇಕು ಅಷ್ಟೇ.

ಮುಖದ ಬಾಟ್‌ಗಳ ಬಗ್ಗೆ ಉದ್ದ ಹೇಳುವುದಿಲ್ಲ. ಚಿಕ್ಕ ಮಕ್ಕಳಿಗೆ ಖುಷಿ ಕೊಡುತ್ತವೆ, ಅದು ದೊಡ್ಡ ವಿಷಯವೇ. ಆದರೆ ನಾನು ನೋಡಿದ ಆ್ಯಪ್‌ನಲ್ಲಿ 1500ರ ಬಾಟ್ ನಮ್ಮ ಹುಡುಗಿಯ ಎದುರು ಬಹುತೇಕ ಆಟ ಸೋತಿತು. ಗೆಳೆಯ ಆಡಿದಾಗಲೂ ಹಾಗೇ. ನನ್ನ ಅಂದಾಜಿನಲ್ಲಿ ಅದು 1200ರ ಆಚೆ ಹೋಗಲ್ಲ. ಒಂದೇ ಬಾಟ್ ಜೊತೆ ಜಾಸ್ತಿ ಆಡಿದರೆ ಅದರ ಚಾಳಿ ಗೊತ್ತಾಗಿ ಇನ್ನೂ ಸುಲಭ ಅನ್ನಿಸುತ್ತದೆ, ಹಾಗಾಗಿ ಲೆಕ್ಕಕ್ಕೆ ಮೊದಲ ಆಟಗಳಿಗೇ ಬೆಲೆ ಜಾಸ್ತಿ.

ನೀವೂ ಅಳೆಯುವುದಾದರೆ ಎರಡು ಕಡೆಗೂ ಒಂದೇ ಗಡಿಯಾರ ಇಡಿ, ಹದಿನೈದು ನಿಮಿಷಕ್ಕಿಂತ ಕಡಿಮೆ ಬೇಡ. ಬಿಳಿ ಕಪ್ಪು ಸಮನಾಗಿ ಹಂಚಿ. ನಡೆ ವಾಪಸ್ ತೆಗೆಯುವ ಬಟನ್ ಮುಟ್ಟಬೇಡಿ. ಪ್ರತಿ ಆಟದ ಪಕ್ಕ ಪ್ರೋಗ್ರಾಂನ ಆವೃತ್ತಿ, ಇಟ್ಟ ಬಲ, ಸಮಯ ಬರೆದಿಡಿ. ಸ್ಟಾಕ್‌ಫಿಶ್ ಅಪ್‌ಡೇಟ್ ಆದರೆ ಹಳೇ ಲೆಕ್ಕದ ಜೊತೆ ಹೊಸದನ್ನು ಸೇರಿಸಬೇಡಿ, ಬೇರೆ ಪುಟದಲ್ಲಿ ಶುರು ಮಾಡಿ.