ಕಂಪ್ರೆಸರ್ ಎಳೆಯಲು ಯಾವುದು? ಟ್ರ್ಯಾಕ್ಟರ್, ಯೋಧ, ಕ್ಯಾಂಪರ್

ಬಾವಿಯ ಬಂಡೆ ಒಡೆಯುವ ಕೆಲಸ ನಮ್ಮದು. ಡ್ರಿಲ್ಲಿಗೆ ಗಾಳಿ ಒತ್ತಿ ಕೊಡುವ ಎರಡು ಚಕ್ರದ ಕಂಪ್ರೆಸರ್, ಸುಮಾರು ಒಂದೂವರೆ ಟನ್. ಕಾಸರಗೋಡಿನ ಬದಿಯಡ್ಕದಿಂದ ಮುಳ್ಳೇರಿಯ, ಪೆರ್ಲ ಕಡೆಗೆಲ್ಲ ಅದನ್ನು ಕಟ್ಟಿಕೊಂಡು ತಿರುಗಬೇಕು. ಟಾರು ರಸ್ತೆಯಲ್ಲಿ ಯಾವ ಗಾಡಿಯಾದರೂ ಎಳೆದೀತು. ರಸ್ತೆ ಬಿಟ್ಟು ತೋಟಕ್ಕೆ ಇಳಿಯುವ ಕೆಂಪುಮಣ್ಣಿನ ದಾರಿಯಲ್ಲಿಯೇ ಗಾಡಿಯ ಬಂಡವಾಳ ಗೊತ್ತಾಗುವುದು.

ಎಳೆಸಿ ನೋಡಿದ್ದು ಮೂರರಲ್ಲಿ: ಒಂದು ಟ್ರ್ಯಾಕ್ಟರ್, ಯೋಧ ಮತ್ತು ಕ್ಯಾಂಪರ್ ಎಂಬ ಎರಡು ಪಿಕಪ್. ಮೊದಲು ಬಾಡಿಗೆಯ ಟ್ರ್ಯಾಕ್ಟರ್, 45 ಎಚ್‌ಪಿ. ಲೆಕ್ಕದಲ್ಲಿ ಮೂರರಲ್ಲಿ ಇದೇ ಬಡವ. ಆದರೆ ಲೋ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಎದುರಿಗೆ ಏರು ಇದೆಯೆಂದು ಅದಕ್ಕೆ ಗೊತ್ತೇ ಆಗಲಿಲ್ಲ. ಎಳೆಯುವುದು ಗೇರಿನ ಅನುಪಾತ, ಬರೀ ಎಚ್‌ಪಿ ಅಲ್ಲ. ರಸ್ತೆಯಲ್ಲಿ ಮಾತ್ರ ಆಮೆ. ಬಸ್ಸಿನಲ್ಲಿ ಹೋದ ಕೆಲಸದವರು ಎರಡು ಸಲ ಎಲೆಯಡಿಕೆ ಹಾಕಿದ ಮೇಲೆ ನಾನು ತಲುಪಿದೆ.

ಟಾಟಾ ಯೋಧ 2.0ದ ಇಂಜಿನ್ 2.2 ಲೀಟರ್, 100 ಎಚ್‌ಪಿ, ಟಾರ್ಕ್ ಅಂದರೆ ತಿರುಗಿಸುವ ಬಲ 250 ನ್ಯೂಟನ್ ಮೀಟರ್. ಬೊಲೆರೊ ಕ್ಯಾಂಪರಿನದು 2.5 ಲೀಟರ್, 75 ಎಚ್‌ಪಿ, 200 ನ್ಯೂಟನ್ ಮೀಟರ್. ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ: ಪೆರ್ಲದ ದಾರಿಯ ಒಂದು ಏರನ್ನು ಯೋಧ ಮೂರನೇ ಗೇರಿನಲ್ಲಿ ಹತ್ತಿತು, ಕ್ಯಾಂಪರನ್ನು ಎರಡಕ್ಕೆ ಇಳಿಸಬೇಕಾಯಿತು. ನಡುವೆ ಎದುರಿನಿಂದ ಬಸ್ಸು ಬಂತು. ಹ್ಯಾಂಡ್‌ಬ್ರೇಕ್ ಎಳೆಯುವ ಬದಲು ಅರೆ ಕ್ಲಚ್ಚಿನಲ್ಲಿ ನಿಲ್ಲಿಸಿ ಕ್ಲಚ್ ಸುಟ್ಟ ವಾಸನೆ ಬರಿಸಿಕೊಂಡೆ. ತಪ್ಪು ನನ್ನ ಕಾಲಿನದು, ಗಾಡಿಯದ್ದಲ್ಲ.

ಆಟಿ ತಿಂಗಳ ಮಳೆಯಲ್ಲಿ ಲೆಕ್ಕ ತಿರುಗಿತು. ನಾನು ಓಡಿಸಿದ ಯೋಧ ಟೂ ವೀಲ್ ಡ್ರೈವ್, ಹಿಂಬದಿ ಖಾಲಿ. ಕೆಸರಿನಲ್ಲಿ ಚಕ್ರ ಸುಮ್ಮನೆ ತಿರುಗಿತು. ಹಿಡಿತವೇ ಇಲ್ಲದಾಗ ಟಾರ್ಕ್ ಇದ್ದರೆಷ್ಟು, ಬಿಟ್ಟರೆಷ್ಟು! ಡ್ರಿಲ್ ರಾಡ್, ಡೀಸೆಲ್ ಕ್ಯಾನು ಎಲ್ಲ ಹಿಂದೆ ಹೇರಿದ ನಂತರ ಮೇಲೆ ಬಂತು. ಕ್ಯಾಂಪರ್ ಫೋರ್ ವೀಲ್ ಆದ್ದರಿಂದ ಅದೇ ದಾರಿಯನ್ನು ಏನೂ ಹೇರದೆ ಹತ್ತಿತು.

ಇಳಿಜಾರಿನ ವಿಷಯ ಯಾರೂ ಕೇಳುವುದಿಲ್ಲ. ಕಂಪ್ರೆಸರಿಗೆ ಬ್ರೇಕ್ ಇಲ್ಲ, ಹಿಂದಿನಿಂದ ದೂಡುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು. ಕೊಂಡಿಯ ಮೇಲೆ ಸ್ವಲ್ಪ ಭಾರ ಬೀಳುವಂತೆಯೂ ನೋಡಿಕೊಳ್ಳಬೇಕು, ಇಲ್ಲವಾದರೆ ಬಾಲ ಆಡಿಸತೊಡಗುತ್ತದೆ.

ಕೊನೆಗೆ ಕ್ಯಾಂಪರ್ ಕೊಂಡೆ, ಸೆಕೆಂಡ್ ಹ್ಯಾಂಡ್. ಶಕ್ತಿಯಲ್ಲಿ ಯೋಧ ಮೇಲು, ಒಪ್ಪುತ್ತೇನೆ. ಆದರೆ ಐದು ಜನ ಒಳಗೆ ಕುಳಿತು ಮಳೆಯಲ್ಲಿ ನೆನೆಯದೆ ಬರುವುದಕ್ಕೂ ಬೆಲೆ ಇದೆಯಲ್ಲ. ಗುಡ್ಡೆಯ ತಲೆಯ ಮೇಲಿನ ಕೆಲಸ ಬಂದರೆ ಈಗಲೂ ಟ್ರ್ಯಾಕ್ಟರಿನವನಿಗೇ ಫೋನು.